ಕುದ್ರೋಳಿಯ ಡುಕಾಟ್: ಸವೆದದ್ದೋ, ಅಚ್ಚಿನಲ್ಲೇ ಇಲ್ಲದ್ದೋ?

ಕುದ್ರೋಳಿಯ ಒಂದು ಮನೆಯ ಹಳೇ ಸರದಲ್ಲಿರುವ ಚಿನ್ನದ ನಾಣ್ಯದ ಫೋಟೋ ಜೊತೆ ಒಂದು ಟಿಪ್ಪಣಿ ಆಸಕ್ತರ ನಡುವೆ ಓಡಾಡುತ್ತಿದೆ. ವೆನಿಸ್‌ನ ಡುಕಾಟ್, 15ನೇ ಶತಮಾನದ್ದು ಎಂಬುದು ಅದರ ತೀರ್ಮಾನ. ಫೋಟೋ ನೋಡಿ ನಾನೂ ಹೌದೆಂದಿದ್ದೆ. ನಾಣ್ಯವನ್ನೇ ಕೈಯಲ್ಲಿ ಹಿಡಿದು ನೋಡಿದ ಮೇಲೆ ಆ ಓದು ನಿಲ್ಲುವುದಿಲ್ಲ ಅನ್ನಿಸಿತು.

ಚಿತ್ರವನ್ನು ಟಿಪ್ಪಣಿ ಸರಿಯಾಗಿಯೇ ಗುರುತಿಸಿದೆ. ಒಂದು ಬದಿ ನಿಂತಿರುವ ಸಂತ ಮಾರ್ಕ್, ಎದುರು ಮಂಡಿಯೂರಿದ ದೋಜೆ (ವೆನಿಸ್‌ನ ಅಧಿಪತಿ), ನಡುವೆ ಧ್ವಜದಂಡ. ಇನ್ನೊಂದು ಬದಿ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಕ್ಷತ್ರಗಳ ಮಧ್ಯೆ ಕ್ರಿಸ್ತ.

ಎಡವಿದ್ದು ಕಾಲನಿರ್ಣಯದಲ್ಲಿ. ಡುಕಾಟ್ ಟಂಕಿಸಲು ಶುರುಮಾಡಿದ್ದು 1284ರಲ್ಲಿ. 1797ರಲ್ಲಿ ಗಣರಾಜ್ಯ ಮುಗಿಯುವವರೆಗೂ ಹೆಚ್ಚುಕಡಿಮೆ ಇದೇ ಚಿತ್ರ. ಕಾಲ ತಿಳಿಯುವುದು ದೋಜೆಯ ಹೆಸರಿನಿಂದ. ಅದನ್ನು ಓದದೆ ಶತಮಾನ ಹೇಳುವುದು, ವೀರಗಲ್ಲಿನ ಕುದುರೆ ನೋಡಿ ರಾಜನ ಹೆಸರು ಹೇಳಿದ ಹಾಗೆ. ಟಿಪ್ಪಣಿ ನಿಕೊಲೊ ಕೊಂಟಿಯನ್ನು ಸಾಕ್ಷಿಗೆ ಕರೆಯುತ್ತದೆ. 15ನೇ ಶತಮಾನದ ಮೊದಲರ್ಧದಲ್ಲಿ ವಿಜಯನಗರ ಕಂಡ ಆ ವೆನಿಸ್ ವರ್ತಕ, ಭಾರತದ ಕೆಲವೆಡೆ ಡುಕಾಟ್ ಚಲಾವಣೆಯಲ್ಲಿತ್ತೆಂದು ಹೇಳಿದ್ದು ನಿಜ. ಆದರೆ ಅದು ಡುಕಾಟ್‌ಗಳು ಬರುತ್ತಿದ್ದವು ಎಂಬುದಕ್ಕೆ ಸಾಕ್ಷಿ, ಈ ನಾಣ್ಯ ಆಗ ಬಂತು ಎಂಬುದಕ್ಕಲ್ಲ.

ಮಾಸಿದ ಶಾಸನ ಓದುವಾಗ ಮಾಡುವಂತೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ದಂಡದ ಉದ್ದಕ್ಕೂ ಡಿ, ವಿ, ಎಕ್ಸ್ ಎಂಬ ಮೂರು ಅಕ್ಷರ ಇರಬೇಕು. 'ದುಕ್ಸ್', ಅಂದರೆ ದೋಜೆ. ಇಲ್ಲಿರುವುದು ಮೂರು ಗೀಟು, ಒಂದು ಸೊನ್ನೆ. ಅಂಚಿನ ಲ್ಯಾಟಿನ್ ಬರಹದ ಜಾಗದಲ್ಲೂ ಅದೇ ಗೀಟು, ಸೊನ್ನೆ. ಟಿಪ್ಪಣಿ ಇದನ್ನು 'ಸವೆತ' ಅನ್ನುತ್ತದೆ. ಸವೆತ ಮೊದಲು ತಿನ್ನುವುದು ಉಬ್ಬಿದ ಭಾಗವನ್ನು. ಇಲ್ಲಿ ಕ್ರಿಸ್ತನ ಮುಖ ನುಣ್ಣಗಾಗಿದೆ ಸರಿ, ಗೀಟುಗಳು ಮಾತ್ರ ಇನ್ನೂ ಚೂಪಾಗಿವೆ. ಅಂದರೆ ಅಕ್ಷರ ಅಳಿಸಿಹೋಗಿಲ್ಲ, ಅಚ್ಚಿನಲ್ಲೇ ಇರಲಿಲ್ಲ. ಲ್ಯಾಟಿನ್ ಬಾರದ ಕೈಯೊಂದು ಕಣ್ಣಿಗೆ ಕಂಡದ್ದನ್ನು ಕೆತ್ತಿದೆ.

ತೂಕ 3.5 ಗ್ರಾಂ, ಅಸಲಿಗೆ ಸಮ ಎನ್ನುವ ವಾದವೂ ಇದೆ. ಬೆಸೆದ ಕೊಂಡಿಯನ್ನೂ ಸೇರಿಸಿ ತೂಗಿದ ಲೆಕ್ಕ ಅದು. ಇಂಜಿನಿಯರಾಗಿ ನಾನಿದನ್ನು ಒಪ್ಪಲಾರೆ.

ಹಾಗಾಗಿ ಇದು ಆಭರಣಕ್ಕೆಂದು ನಮ್ಮ ದೇಶದಲ್ಲೇ ಮಾಡಿದ ಅನುಕರಣೆ. ಡುಕಾಟ್ ಇಲ್ಲಿ ಅಷ್ಟು ಒಗ್ಗಿಹೋಗಿತ್ತು. ಮರಾಠಿಯಲ್ಲಿ ಅದು 'ಪುತಳಿ', ಅಂದರೆ ಬೊಂಬೆ. ದಕ್ಷಿಣದಲ್ಲಿ 'ಶಾನಾರ್ ಕಾಸು': ಧ್ವಜದಂಡವನ್ನು ತಾಳೆಮರವೆಂದೂ ದೋಜೆಯನ್ನು ಶೇಂದಿ ಇಳಿಸುವವನೆಂದೂ ಜನ ಓದಿಕೊಂಡರು.

"ಹಾಗಾದ್ರೆ ಇದು ಡೂಪ್ಲಿಕೇಟಾ ಮಾರಾಯ್ರೆ? ಕರಗಿಸಿ ಬಳೆ ಮಾಡಿಸ್ಲಾ?" ಅಂತ ಮನೆಯ ಹಿರಿಯಮ್ಮ ಕೇಳಿದರು. ಬೇಡ ಅಮ್ಮ ಅಂದೆ. ಅಸಲಿ ಡುಕಾಟ್‌ಗಳು ಮ್ಯೂಸಿಯಂಗಳಲ್ಲಿ ಬೇಕಾದಷ್ಟಿವೆ. ಇಂಥವು ಕುಲುಮೆ ಸೇರುವುದೇ ಹೆಚ್ಚು. ಪರದೇಶದ ನಾಣ್ಯವನ್ನು ನಮ್ಮ ಅಕ್ಕಸಾಲಿಗರು ಹೇಗೆ ಕಂಡರು ಎಂಬುದಕ್ಕೆ ಉಳಿದಿರುವ ದಾಖಲೆ ಇವೇ.

ಟಿಪ್ಪಣಿಕಾರರಲ್ಲಿ ಒಂದೇ ಕೋರಿಕೆ: 'ವೆನಿಸ್ ಡುಕಾಟ್‌ನ ಭಾರತೀಯ ಅನುಕರಣೆ, ಕಾಲ ಅನಿಶ್ಚಿತ' ಎಂದು ತಿದ್ದಿ. ಕೊಂಡಿ ಇದೆ ಅಂತಲೂ ಬರೆಯಿರಿ.