ಸರಯೂ ತೀರದ ಪೇಟೆ: ಮಾಲ್ಗುಡಿಯ ವಿನ್ಯಾಸ ಮತ್ತು ಅದರ ಅರ್ಥವ್ಯವಸ್ಥೆ

ಆರ್. ಕೆ. ನಾರಾಯಣ್ ಅವರ ಮಾಲ್ಗುಡಿಯನ್ನು ಕುರಿತ ಚರ್ಚೆ ನಮ್ಮಲ್ಲಿ ಬಹುಕಾಲದಿಂದ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತ ಬಂದಿದೆ: ಈ ಊರು ಎಲ್ಲಿದೆ? ಅದು ಮೈಸೂರೇ ಎನ್ನುವವರುಂಟು. ಮಲ್ಲೇಶ್ವರ, ಬಸವನಗುಡಿಗಳ ಹೆಸರನ್ನು ಬೆಸೆದದ್ದು ಎನ್ನುವವರೂ ಉಂಟು. ಈ ಎರಡನೆಯ ಊಹೆ ಕೇಳಲು ಸೊಗಸಾಗಿದೆಯೇ ಹೊರತು ಕೃತಿಗಳ ಓದಿಗೆ ಅದರಿಂದ ಏನೂ ಒದಗುವುದಿಲ್ಲ. ಊರು ಎಲ್ಲಿದೆ ಎಂಬುದಕ್ಕಿಂತ ಅದು ಯಾವುದರಿಂದ ಬದುಕುತ್ತದೆ ಎಂಬ ಪ್ರಶ್ನೆ ಹೆಚ್ಚು ಫಲಕಾರಿಯಾದುದೆಂದು ನಾವು ಭಾವಿಸುತ್ತೇವೆ. ಕಲ್ಪಿತ ನಗರವಾದರೂ ಅದಕ್ಕೆ ಅನ್ನ ಬೇಕು, ಸಾಲ ಬೇಕು, ಚರಂಡಿ ಬೇಕು.

‘ಮೈ ಡೇಸ್’ (1974) ಆತ್ಮಕಥನದಲ್ಲಿ ಲೇಖಕರೇ ಹೇಳಿಕೊಂಡಿರುವಂತೆ ಅವರ ಕಣ್ಣಿಗೆ ಮೊದಲು ಕಂಡದ್ದು ಒಂದು ಪುಟ್ಟ ರೈಲು ನಿಲ್ದಾಣ. ಊರು ಆಮೇಲೆ ಬಂದಿತು. ಇದನ್ನು ಕೇವಲ ಸ್ವಾರಸ್ಯದ ಸಂಗತಿಯೆಂದು ಬಿಡುವಂತಿಲ್ಲ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದದ್ದು 1935ರಲ್ಲಿ. ಅದರ ಮರುವರ್ಷ ಬಂದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಲೋಕ ಆರಂಭವಾಗುವುದು ಕಾಡು, ತೋಟ, ಮನೆತನಗಳಿಂದ. ಅಲ್ಲಿ ಯಾರ ದುಡಿಮೆ ಯಾರ ಕಣಜಕ್ಕೆ ಹೋಗುತ್ತದೆ ಎಂಬುದು ಪುಟಪುಟದಲ್ಲೂ ಕಾಣುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ದೂರ್ವಾಸಪುರ ಅಗ್ರಹಾರವಾಗಿ ನಿಂತಿದೆ. ಕೋಟೆ, ಕೆರೆ, ಗುಡಿ, ಅಗ್ರಹಾರಗಳಲ್ಲಿ ಒಂದರಿಂದ ಹುಟ್ಟುವುದು ನಮ್ಮ ಊರುಗಳ ರೂಢಿ. ಮಾಲ್ಗುಡಿ ಮಾತ್ರ ಹೊರಗಿನಿಂದ ಬರುವ ಸರಕು, ಸುದ್ದಿ, ಅಧಿಕಾರಿಗಳನ್ನು ಇಳಿಸಿಕೊಳ್ಳುವ ಕಟ್ಟೆಯಿಂದ ಹುಟ್ಟಿದೆ. ಹೀಗಾಗಿ ದಲ್ಲಾಳಿಯೇ ಅದರ ಸಹಜ ನಾಯಕ.

ವಿನ್ಯಾಸವನ್ನು ಗಮನಿಸೋಣ. ಮಾರ್ಕೆಟ್ ರೋಡ್ ಊರಿನ ಬೆನ್ನೆಲುಬು. ಕಬೀರ್ ಸ್ಟ್ರೀಟ್ ಹಳೆಯ ಕುಟುಂಬಗಳ ನೆಲೆ. ಎಲ್ಲಮ್ಮನ್ ಸ್ಟ್ರೀಟ್ ಹೊಳೆಯ ಮಗ್ಗುಲಿಗೆ ಬಂದು ಮುಗಿಯುತ್ತದೆ. ಅದರಾಚೆ ನಲ್ಲಪ್ಪನ ತೋಪು, ದೂರದಲ್ಲಿ ಮೆಂಪಿ ಬೆಟ್ಟಸಾಲು. ಅಧಿಕಾರಿಗಳಿಗೆ, ಅನುಕೂಲಸ್ಥರಿಗೆ ಲಾಲಿ ಎಕ್ಸ್‌ಟೆನ್ಷನ್. ಪೊಲೀಸ್ ಅಧಿಕಾರಿಯ ಮಗ ರಾಜಮ್ ಅಲ್ಲಿಂದ ಬರುತ್ತಾನೆ, ವಿನಾಯಕ ಮುದಲಿ ಸ್ಟ್ರೀಟಿನ ಸ್ವಾಮಿ ಅವನ ಮುಂದೆ ತನ್ನ ಮನೆಯ ಬಗ್ಗೆ ನಾಚುತ್ತಾನೆ. ಬೀದಿಯಿಂದ ಬೀದಿಗೆ ಹೋಗುವುದೆಂದರೆ ಅಂತಸ್ತಿನಿಂದ ಅಂತಸ್ತಿಗೆ ಹೋಗುವುದು ಎಂಬುದು ಆ ಬಾಲಕನಿಗೆ ತಿಳಿದಿದೆ. ಅನೇಕ ವಿಮರ್ಶಕರಿಗೆ ತಿಳಿದಂತಿಲ್ಲ. ಅಮೆರಿಕದ ವಿದ್ವಾಂಸ ಜೇಮ್ಸ್ ಫೆನೆಲಿ ಕಾದಂಬರಿಗಳೊಳಗಿನ ಸೂಚನೆಗಳನ್ನು ಜೋಡಿಸಿ ಮಾಲ್ಗುಡಿಯ ನಕ್ಷೆ ರಚಿಸಿ, ಅದರಲ್ಲಿ ವ್ಯವಸ್ಥಿತ ಹಿಂದೂ ಬ್ರಹ್ಮಾಂಡವೊಂದನ್ನು ಕಂಡರು. ಶ್ರಮ ಶ್ಲಾಘನೀಯ. ಆದರೆ ಬ್ರಹ್ಮಾಂಡವನ್ನು ಅರಸುವ ಕಣ್ಣಿಗೆ ಪುರಸಭೆ ಕಾಣುವುದು ಕಷ್ಟ.

ಪುರಸಭೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ‘ವೇಟಿಂಗ್ ಫಾರ್ ದ ಮಹಾತ್ಮ’ (1955) ಕಾದಂಬರಿಯಲ್ಲಿ. ಅಧ್ಯಕ್ಷರ ಭವ್ಯ ಬಂಗಲೆಯನ್ನು ಬಿಟ್ಟು ಗಾಂಧೀಜಿ ಜಾಡಮಾಲಿಗಳ ಗುಡಿಸಲಿಗೆ ಹೋಗಿ ತಂಗುತ್ತಾರೆ. ಊರಿನ ಕಸ ಬಳಿಯಲು ಪುರಸಭೆ ನೇಮಿಸಿಕೊಂಡ ಜನ ಅಲ್ಲಿದ್ದಾರೆ. ಪುರಸಭೆಯ ಯಾವ ಸೌಕರ್ಯವೂ ಅಲ್ಲಿಗೆ ತಲುಪಿಲ್ಲ. ಇದನ್ನು ನಾರಾಯಣ್ ದನಿಯೇರಿಸದೆ, ಹಾದುಹೋಗುತ್ತ ಹೇಳಿಬಿಡುತ್ತಾರೆ. ಮಾಲ್ಗುಡಿಯ ನಕ್ಷೆಗಳಲ್ಲಿ ನಾವು ದಪ್ಪಕ್ಷರದಲ್ಲಿ ಗುರುತಿಸಬೇಕಾದ ಜಾಗ ಇದು.

ಇನ್ನು ಊರಿನ ದುಡಿಮೆ. ‘ದ ಫೈನಾನ್ಷಿಯಲ್ ಎಕ್ಸ್‌ಪರ್ಟ್’ (1952) ಕಾದಂಬರಿಯ ಮಾರ್ಗಯ್ಯ ಸಹಕಾರಿ ಭೂ ಅಡಮಾನ ಬ್ಯಾಂಕಿನ ಎದುರು ಆಲದ ಮರದಡಿ ತಗಡಿನ ಪೆಟ್ಟಿಗೆಯಿಟ್ಟುಕೊಂಡು ಕೂರುತ್ತಾನೆ. ಒಳಗಿರುವ ಸಂಸ್ಥೆ ರೈತರಿಗಾಗಿಯೇ ಸ್ಥಾಪಿತವಾದದ್ದು. ಆದರೆ ಆ ರೈತನಿಗೆ ಅದರ ಅರ್ಜಿ ನಮೂನೆ ಅರ್ಥವಾಗದು. ಅರ್ಥವಾಗದ ಆ ಅಂತರವೇ ಮಾರ್ಗಯ್ಯನ ಬಂಡವಾಳ. ಒಬ್ಬನ ಸಾಲ ತೀರಿಸಲು ಇನ್ನೊಬ್ಬನ ಹೆಸರಲ್ಲಿ ಸಾಲ ಎತ್ತಿಸುವ ಅವನ ಚಾತುರ್ಯವನ್ನು ಹಾಸ್ಯವೆಂದು ಓದಿ ನಕ್ಕಿದ್ದೇವೆ. ಸಹಕಾರಿ ಚಳವಳಿಯ ಇತಿಹಾಸವಾಗಿಯೂ ಅದನ್ನು ಓದಬಹುದು. ಮುಂದೆ ಅವನು ಪುಸ್ತಕ ಪ್ರಕಟಣೆಯಿಂದ ಹಣ ಮಾಡುತ್ತಾನೆ, ಯುದ್ಧಕಾಲದ ಕಾಳಸಂತೆಯ ಹಣವನ್ನು ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಠೇವಣಿಯಾಗಿ ಸೆಳೆಯುತ್ತಾನೆ. ಒಂದು ವದಂತಿಗೆ ಎಲ್ಲವೂ ಕುಸಿಯುತ್ತದೆ. ನೂಲು, ಭತ್ತ, ಬೆಲ್ಲ ಯಾವುದನ್ನೂ ಅವನು ಮುಟ್ಟಿದವನಲ್ಲ. ಅವನದು ಕಾಗದದ ವ್ಯಾಪಾರ. ‘ದ ಮ್ಯಾನ್ ಈಟರ್ ಆಫ್ ಮಾಲ್ಗುಡಿ’ಯ (1961) ನಟರಾಜ ಮುದ್ರಕ, ‘ದ ಪೇಂಟರ್ ಆಫ್ ಸೈನ್ಸ್’ನ (1976) ರಾಮನ್ ಫಲಕ ಬರೆಯುವವನು, ‘ದ ಗೈಡ್’ನ (1958) ರಾಜು ಪ್ರವಾಸಿಗರಿಗೆ ಮಾತು ಮಾರುವವನು. ಇವರೆಲ್ಲರೂ ಅಕ್ಷರದ, ಮಾತಿನ ಮಧ್ಯವರ್ತಿಗಳು.

ಸರಕು ತಯಾರಿಸಿ ಮಾರುವವನೊಬ್ಬನಿದ್ದಾನೆ: ‘ದ ವೆಂಡರ್ ಆಫ್ ಸ್ವೀಟ್ಸ್’ನ (1967) ಜಗನ್. ಗಾಂಧೀವಾದಿಯಾದ ಆತ ಸಂಜೆ ಆರರ ನಂತರದ ವಸೂಲಿಯನ್ನು ಬೇರೆ ಪಾತ್ರೆಗೆ ಹಾಕಿ ತೆರಿಗೆಯ ಲೆಕ್ಕದಿಂದ ಹೊರಗಿಡುತ್ತಾನೆ. ಮುಂದೆ ಒಂದು ದಿನ ತಿಂಡಿಯ ಬೆಲೆ ಇಳಿಸಿದಾಗ ಉಳಿದ ವರ್ತಕರು ಅವನ ಬಳಿಗೆ ಧಾವಿಸಿ ಬರುತ್ತಾರೆ. ವೈರಾಗ್ಯ ಕೂಡ ಪೇಟೆಯ ದರವನ್ನು ಕೆಡಿಸಬಲ್ಲದು ಎಂಬ ಈ ಪ್ರಸಂಗ ನಮ್ಮ ಮಟ್ಟಿಗೆ ಮಾಲ್ಗುಡಿಯ ಅರ್ಥಶಾಸ್ತ್ರದ ಅತ್ಯುತ್ತಮ ಪುಟ. ವಿ. ಎಸ್. ನೈಪಾಲ್ 1977ರಲ್ಲಿ ಇದೇ ಕಾದಂಬರಿಯಲ್ಲಿ ಲೋಕವಿಮುಖ ಹಿಂದೂ ನಿಷ್ಕ್ರಿಯತೆಯನ್ನು ಕಂಡರು. ಅವರು ಜಗನ್ನನ ಜಪಮಾಲೆಯ ಲೆಕ್ಕ ಹಿಡಿದರು, ಗಲ್ಲಾಪೆಟ್ಟಿಗೆಯದನ್ನು ಬಿಟ್ಟರು.

ಹೊಲ ಕಾಣುವುದು ಅಪರೂಪ. ‘ಲಾಲಿ ರೋಡ್’ ಕಥೆಯಲ್ಲಿ, ಕಿತ್ತುಹಾಕಿದ ಪ್ರತಿಮೆಯ ಆಂಗ್ಲನೇ ಸರಯೂವಿನಿಂದ ಕಾಲುವೆ ತೋಡಿಸಿ ಸಾವಿರಾರು ಎಕರೆಗೆ ನೀರುಣಿಸಿದವನೆಂದು ತಡವಾಗಿ ತಿಳಿಯುತ್ತದೆ. ಆ ಎಕರೆಗಳಲ್ಲಿ ಉತ್ತವರು ಯಾರೆಂಬುದು ತಿಳಿಯುವುದಿಲ್ಲ. ‘ದ ಗೈಡ್’ ಇದಕ್ಕೆ ಅಪವಾದ. ಮಳೆ ಬಾರದೆ ಹೊಳೆ ಬತ್ತಿ, ದನಗಳು ಸತ್ತು, ಬೆಲೆಯೇರಿಸಿದ ಅಂಗಡಿಯವನೊಡನೆ ಮಂಗಲ ಗ್ರಾಮದಲ್ಲಿ ಹೊಡೆದಾಟವಾಗುತ್ತದೆ. ರಾಜುವಿನ ಉಪವಾಸಕ್ಕೆ ಕಾರಣವಾದದ್ದು ಭಕ್ತಿಗಿಂತ ಮೊದಲು ಈ ಬೆಲೆಯ ಜಗಳ. ಅನಂತರ ಬರದ ಸುತ್ತಲೇ ಜಾತ್ರೆ ನೆರೆಯುತ್ತದೆ: ವಿಶೇಷ ರೈಲುಗಳು, ಚಹಾ ಪ್ರಚಾರದ ಅಂಗಡಿ, ಕ್ಯಾಮರಾ ಹಿಡಿದ ಅಮೆರಿಕನ್. ಪೇಟೆ ಹೊಳೆಯ ಪಾತ್ರದೊಳಕ್ಕೇ ಇಳಿದು ಬರುತ್ತದೆ.

ಕನ್ನಡಿಗರಾದ ನಮಗೆ ಈ ಊರು ಪರಿಚಯವಾದದ್ದು ಬಹುಮಟ್ಟಿಗೆ ಶಂಕರ್ ನಾಗ್ 1986–87ರಲ್ಲಿ ದೂರದರ್ಶನಕ್ಕಾಗಿ ನಿರ್ಮಿಸಿದ ಸರಣಿಯಿಂದ. ಅದರ ಮಾಲ್ಗುಡಿ ಆಗುಂಬೆ. ಹೆಂಚಿನ ಸೂರು, ಒದ್ದೆ ಬೀದಿ, ದಟ್ಟ ಹಸಿರು. ಅರಸಾಳು ರೈಲು ನಿಲ್ದಾಣ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವೇ ಆಯಿತು. ಸರಣಿಯ ಸೌಂದರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಯಲುಸೀಮೆಯ, ಬೇಸಿಗೆಯಲ್ಲಿ ಮರಳು ಕಾಣುವ ಹೊಳೆದಂಡೆಯ ಪೇಟೆಯನ್ನು ಅದು ಮಲೆನಾಡಿಗೆ ಸಾಗಿಸಿತು. ಹಾಗೆ ಸಾಗಿಸುವಾಗ ಕಲೆಕ್ಟರನಿಂದ ಜಾಡಮಾಲಿಯವರೆಗಿನ ಆಡಳಿತದ ನಕ್ಷೆ ಸಡಿಲಗೊಂಡಿತು. ಕೃತಿಗಳ ಮಾಲ್ಗುಡಿ ಮೈಸೂರು ಸಂಸ್ಥಾನದ ಪಟ್ಟಣವಲ್ಲ, ಬ್ರಿಟಿಷ್ ಆಡಳಿತದ ಜಿಲ್ಲೆ. 1930ರ ಆಗಸ್ಟ್ 15ರಂದು ಸರಯೂವಿನ ಬಲದಂಡೆಯಲ್ಲಿ ಸೇರಿದ ಸಭೆಯಲ್ಲಿ ವಿದೇಶೀ ಬಟ್ಟೆ ಸುಡುವಾಗ ಸ್ವಾಮಿ ತನ್ನ ಟೋಪಿಯನ್ನೂ ಬೆಂಕಿಗೆಸೆಯುತ್ತಾನೆ. ಅದು ಖಾದಿ ಭಂಡಾರದಲ್ಲಿ ಕೊಂಡದ್ದೆಂದು ಆಮೇಲೆ ಅವನ ತಂದೆ ಹೇಳುತ್ತಾರೆ. ಈ ನಗೆಯ ಹಿಂದೆ ಮದರಾಸು ಪ್ರಾಂತ್ಯದ ರಾಜಕಾರಣವಿದೆ.

ಚೆನ್ನೈ, ಮುಂಬಯಿ, ದೆಹಲಿಗಳಲ್ಲಿ ಕುಳಿತು ಈ ಕೃತಿಗಳನ್ನು ಓದುವ ಕನ್ನಡ ಸಂಶೋಧಕರಿಗೆ ಇಲ್ಲಿ ನಿರ್ದಿಷ್ಟ ಕೆಲಸವೊಂದಿದೆ. ‘ಎ ಹಾರ್ಸ್ ಅಂಡ್ ಟೂ ಗೋಟ್ಸ್’ ಕಥೆಯ ಮುನಿಯ ಭಾಷೆ ತಮಿಳೆಂದು ನಾರಾಯಣ್ ಸ್ಪಷ್ಟವಾಗಿ ಹೇಳುತ್ತಾರೆ. ಮಾಲ್ಗುಡಿಯ ಪೇಟೆಯಲ್ಲಿ ಜನ ಆಡುವ ಭಾಷೆಯ ಬಗೆಗೆ ಅಷ್ಟು ಸ್ಪಷ್ಟತೆಯಿಲ್ಲ; ಇಂಗ್ಲಿಷು ಎಲ್ಲವನ್ನೂ ಸಮತಟ್ಟಾಗಿಸಿದೆ. ಕನ್ನಡಕ್ಕೆ ತರುವವನು ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ. ಆಲದ ಮರದಡಿ ಮಾರ್ಗಯ್ಯ ರೈತನಿಗೆ ಅರ್ಜಿ ಓದಿ ಹೇಳುವುದು ಮೈಸೂರು ಕಡೆಯ ಕನ್ನಡದಲ್ಲೋ, ಕೋಲಾರದ ಗಡಿಯ ಬೆರಕೆ ನುಡಿಯಲ್ಲೋ, ಬ್ಯಾಂಕಿನ ಕಾಗದದ ಕನ್ನಡದಲ್ಲೋ ಎಂಬುದನ್ನು ಮೊದಲ ಸಂಭಾಷಣೆಯಲ್ಲಿಯೇ ಅವನು ತೀರ್ಮಾನಿಸಬೇಕಾಗುತ್ತದೆ.