ಶೂನ್ಯ ಬಂಡವಾಳದ ಲೆಕ್ಕದಲ್ಲಿ ಕೂಲಿಯ ಕಾಲಂ ಎಲ್ಲಿ?

ಸಹಜ, ಸಾವಯವ, ದೇಸಿ, ನೈಸರ್ಗಿಕ, ಶೂನ್ಯ ಬಂಡವಾಳ. ಈ ಐದು ಮಾತುಗಳು ಇವತ್ತು ಕರ್ನಾಟಕದ ಬೇಸಾಯದ ಭಾಷೆಯನ್ನು ಆಳುತ್ತಿವೆ. ಕಾವ್ಯದ ಪದಗಳನ್ನು ಒಡೆದು ಅದರ ಹೊಟ್ಟೆಯೊಳಗೆ ಯಾರ ಹಿತ ಕೂತಿದೆ ಎಂದು ನೋಡುವ ವಿಮರ್ಶಕ ಈ ಪದಗಳ ಮುಂದೆ ಮಾತ್ರ ಯಾಕೆ ಕೈಮುಗಿದು ನಿಲ್ಲಬೇಕು? ಇವುಗಳ ಬೆನ್ನಿಗೆ ಈಗ ಸರ್ಕಾರ ಇದೆ, ದುಡ್ಡೂ ಇದೆ. 2004ರಲ್ಲೇ ನಮ್ಮ ರಾಜ್ಯ ಸಾವಯವ ಕೃಷಿ ನೀತಿ ಹೊರಡಿಸಿತು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ನೈಸರ್ಗಿಕ ಕೃಷಿಯ ರಾಷ್ಟ್ರೀಯ ಯೋಜನೆಗೆ 2,481 ಕೋಟಿ ರೂಪಾಯಿ ಒಪ್ಪಿತು. 15,000 ಗುಂಪು, 1 ಕೋಟಿ ರೈತರು, 7.5 ಲಕ್ಷ ಹೆಕ್ಟೇರು ಅದರ ಗುರಿ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಟ್ಟಿಗಳಲ್ಲಿ ಕೂತು ಕೇಳಬೇಕಾದ ಪ್ರಶ್ನೆ ಒಂದೇ: ಈ 1 ಕೋಟಿ ರೈತರಲ್ಲಿ ಪಹಣಿ ಇಲ್ಲದವನು ರೈತನೋ, ಅಲ್ಲವೋ?

ಗೊಬ್ಬರದ ಅಂಗಡಿಯವರ ಪರವಾಗಿ ನಾನು ಬರೆಯುತ್ತಿಲ್ಲ. ಹೊಲಕ್ಕೆ ಹೊಡೆಯುವ ವಿಷ ಮೊದಲು ತಾಗುವುದು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬರಿಮೈಯಲ್ಲಿ ಹೊಡೆಯುವ ಕೂಲಿಯವನಿಗೆ. ಆಮೇಲೆ ಅವನ ಹೆಂಡತಿಯ ಮಡಿಲಿಗೆ. ಕೃಷಿ ವಿಜ್ಞಾನದ ಪುಸ್ತಕದಲ್ಲಿ 'ಕಳೆ' ಎಂದು ಬರೆದಿರುವುದನ್ನು ನಮ್ಮ ಹೆಂಗಸರು 'ಸೊಪ್ಪು' ಅಂತಾರೆ. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಹೊನಗೊನೆ ಎಲ್ಲ ಕಿತ್ತು ಮಡಿಲು ತುಂಬಿಕೊಂಡು ಬಂದರೆ ಆವತ್ತಿನ ಬೆರಕೆ ಸೊಪ್ಪಿನ ಸಾರು ಆಯಿತು. ಕಳೆನಾಶಕ ಹೊಡೆದ ದಿನ ಜಮೀನ್ದಾರನ ಹೊಲದ ಕಳೆ ಸಾಯುತ್ತದೆ, ಹಟ್ಟಿಯ ಸಾರೂ ಸಾಯುತ್ತದೆ. ಆದ್ದರಿಂದ ವಿಷ ಬಿಟ್ಟ ಬೇಸಾಯ ಬೇಕು ಅನ್ನುವುದರಲ್ಲಿ ನಮಗೆ ಬೇರೆಯವರಿಗಿಂತ ಹೆಚ್ಚು ಜರೂರಿದೆ. ಜಗಳ ಇರುವುದು ಲೆಕ್ಕದಲ್ಲಿ.

'ಶೂನ್ಯ' ಎಂಬ ಪದವನ್ನೇ ತಗೊಳ್ಳಿ. ಸುಭಾಷ್ ಪಾಳೇಕರರು ಹೇಳಿಕೊಟ್ಟ ಜೀವಾಮೃತದ ಪಾಕ ಎಲ್ಲರಿಗೂ ಬಾಯಿಪಾಠ: 10 ಕಿಲೋ ಸಗಣಿ, 5ರಿಂದ 10 ಲೀಟರು ಗಂಜಳ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರು ನೀರು. ಒಂದು ಎಕರೆಗೆ ಇಷ್ಟು. ಸಗಣಿ ಬಾಚುವವರು ಯಾರು, ಗಂಜಳ ಹಿಡಿಯುವವರು ಯಾರು, 200 ಲೀಟರು ನೀರು ಹೊತ್ತು ಡ್ರಮ್ಮಿಗೆ ಸುರಿದು ದಿನಕ್ಕೆ ಎರಡು ಸಲ ಕೋಲಾಡಿಸುವವರು ಯಾರು, ಸಾಲುಗಳ ನಡುವೆ ಹೊದಿಕೆಗೆ ತರಗು ಹೊತ್ತು ಹಾಕುವವರು ಯಾರು? ಪಾಕದಲ್ಲಿ ಬೆಲ್ಲಕ್ಕೂ ತೂಕ ಇದೆ, ಮಣ್ಣಿಗೂ ಅಳತೆ ಇದೆ. ರಟ್ಟೆಗೆ ಇಲ್ಲ. ಸ್ವಂತ ಮನೆಯ ಜನ ಮಾಡಿದರೆ ಅದು ಹೆಂಗಸಿನ ಬಿಟ್ಟಿ ದುಡಿಮೆ, ಕೂಲಿಯವರು ಮಾಡಿದರೆ ಅರ್ಧ ಕೂಲಿಯ ದುಡಿಮೆ. ಬಂಡವಾಳ ಶೂನ್ಯ ಅನ್ನುವುದು ಆಮೇಲಿನ ಮಾತು.

ಕನ್ನಡ ಸಾಹಿತ್ಯ ಈ ಲೆಕ್ಕವನ್ನು ಮೊದಲೇ ಬರೆದಿಟ್ಟಿದೆ, ಕೃಷಿ ತಜ್ಞರು ಓದಿಲ್ಲ ಅಷ್ಟೆ. ಕುಣಿಗಲ್ಲಿಗೆ ಅಂಟಿಕೊಂಡ ಮಾಗಡಿ ತಾಲ್ಲೂಕಿನವರು ಸಿದ್ಧಲಿಂಗಯ್ಯ. ಅವರ 'ಊರು ಕೇರಿ' ತೆರೆದುಕೊಳ್ಳುವುದೇ ನೇಗಿಲಿಗೆ ಎತ್ತುಗಳ ಜಾಗದಲ್ಲಿ ಹೆಗಲು ಕೊಟ್ಟ ಇಬ್ಬರು ಮನುಷ್ಯರನ್ನು ತೋರಿಸಿ. ಅವರಲ್ಲಿ ಒಬ್ಬರು ಹುಡುಗನ ಅಪ್ಪ. ನಮ್ಮ ಸೀಮೆಯ ಮೊದಲ ಶೂನ್ಯ ಬಂಡವಾಳ ಕೃಷಿ ಅದು. ಡೀಸೆಲ್ ಇಲ್ಲ, ಯೂರಿಯಾ ಇಲ್ಲ, ಎತ್ತಿನ ಖರ್ಚೂ ಇಲ್ಲ. ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆಮಂದಿ ರಾತ್ರಿಯೆಲ್ಲ ಕೂತು ತಿನ್ನುವ ಕಡಲೆಕಾಯಿ ಕದ್ದದ್ದು. ಬೆಳೆ ತೆಗೆಯುವ ಕೈಗೆ ಅದರ ರುಚಿ ಹತ್ತಬೇಕಾದರೆ ಅದು ಕಳವಾಗಿಯೇ ಬರಬೇಕು, ಹಿಂದೆಯೇ ಪೊಲೀಸರೂ ಬರಬೇಕು. ತೇಜಸ್ವಿಯವರು 'ಸಹಜ ಕೃಷಿ'ಯಲ್ಲಿ ಜಪಾನಿನ ಫುಕುವೋಕಾನನ್ನು ಕನ್ನಡಕ್ಕೆ ತಂದಾಗ ನಮ್ಮ ವಿದ್ಯಾವಂತ ಯುವಕರ ಎದೆ ಅರಳಿತು, ಅದು ಒಳ್ಳೆಯ ಕೆಲಸವೇ. ಆದರೆ 'ಏನನ್ನೂ ಮಾಡದ ಬೇಸಾಯ' ಅನ್ನುವ ಕನಸು ಸ್ವಂತ ತೋಟ ಇದ್ದವನಿಗೆ ತತ್ವಜ್ಞಾನ. ಕೂಲಿಯವನು ಏನನ್ನೂ ಮಾಡದಿದ್ದರೆ ಆವತ್ತು ಒಲೆ ಹತ್ತುವುದಿಲ್ಲ.

'ದೇಸಿ ಹಸು'ವಿನ ಕತೆ ಇನ್ನೂ ಸಿಕ್ಕಲಿನದು. ಒಂದು ನಾಟಿ ಹಸು ಇದ್ದರೆ 30 ಎಕರೆಗೆ ಸಾಕು ಎಂದು ಪಾಳೇಕರರ ಮಾತು. ನಮ್ಮವರಲ್ಲಿ 30 ಎಕರೆ ಯಾರಿಗಿದೆ? 30 ಗುಂಟೆ ಇದ್ದವರು ಪುಣ್ಯವಂತರು. ಹಸು ಕಟ್ಟಲು ಮೇವು ಬೇಕು, ಮೇವಿಗೆ ಗೋಮಾಳ, ಕಾವಲು ಬೇಕು. ಗುಬ್ಬಿಯ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಬಂದು 2023ರಲ್ಲಿ ಉದ್ಘಾಟನೆಯೂ ಆಯಿತು. 1964ರ ಕಾಯಿದೆಯಲ್ಲಿ 12 ವರ್ಷ ದಾಟಿದ, ಗೇಯಲಾರದ ಎತ್ತನ್ನು ಸರ್ಟಿಫಿಕೇಟು ಪಡೆದು ಕಟುಕರಿಗೆ ಮಾರುವ ದಾರಿ ಇತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಜಾನುವಾರು ಕಾಯಿದೆ ಆ ದಾರಿಯನ್ನೂ ಮುಚ್ಚಿತು. ಬಡ ಸಾಗುವಳಿದಾರನಿಗೆ ಮುದಿ ಎತ್ತು ಮಾರಿದ ದುಡ್ಡೇ ಹೊಸ ಕರುವಿನ ಬಂಡವಾಳ. ಅದು ನಿಂತರೆ ಅವನು ಎತ್ತು ಕಟ್ಟುವುದನ್ನೇ ಬಿಟ್ಟು ಟ್ರ್ಯಾಕ್ಟರಿಗೆ ಫೋನು ಮಾಡುತ್ತಾನೆ. ದನವನ್ನು ಪೂಜೆಗೆ ಕೂರಿಸಿದ ಕಾಯಿದೆ ದನವನ್ನೇ ಹೊಲದಿಂದ ಹೊರಗೆ ಹಾಕುತ್ತಿದೆ. ಇನ್ನು ಸತ್ತ ದನದ ಚರ್ಮ ಸುಲಿದು, ಹದ ಮಾಡಿ, ಮಿಣಿ, ಬಾರುಕೋಲು, ಕಪಿಲೆಯ ಚರ್ಮದ ಚೀಲ ಮಾಡಿಕೊಟ್ಟು ಬೇಸಾಯವನ್ನು ನಡೆಸಿದ ಜನರ ಜ್ಞಾನ? ತುಮಕೂರಿನಲ್ಲೇ ಬದುಕಿ 2019ರಲ್ಲಿ ತೀರಿಹೋದ ಕೆ.ಬಿ. ಸಿದ್ಧಯ್ಯ ತಮ್ಮ ಕಾವ್ಯಕ್ಕೆ 'ಗಲ್ಲೆಬಾನಿ' ಎಂದು ಚರ್ಮ ಹದಮಾಡುವ ಬಾನಿಯ ಹೆಸರನ್ನೇ ಇಟ್ಟರು. ಸಾವಯವ ಮೇಳದ ಮಳಿಗೆಗಳಲ್ಲಿ ಗಂಜಳಕ್ಕೆ ಶೀಶೆ ಉಂಟು, ಗಲ್ಲೆಬಾನಿಗೆ ಜಾಗ ಇಲ್ಲ.

ಸಂಶೋಧನೆಯ ವಿಷಯಕ್ಕೆ ಬರೋಣ. ಇಲ್ಲಿ ಹೊಗಳಬೇಕಾದ್ದು ಒಂದಿದೆ, ಹೊಗಳೋಣ. ತುಮಕೂರು ಪಕ್ಕದ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರ ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಲಸಿನ ಮರ, ತೊಳೆ ತಾಮ್ರಗೆಂಪು, ಹಣ್ಣು ಸಣ್ಣದು. ಆ ಕೇಂದ್ರದ ವಿಜ್ಞಾನಿಗಳು ಅದನ್ನು ಗುರುತಿಸಿ, ಮರ ನೆಟ್ಟ ಸಿದ್ದಪ್ಪನವರ ಹೆಸರಿನಿಂದಲೇ 'ಸಿದ್ದು' ಎಂದು ಕರೆದರು. 2017ರಲ್ಲಿ ಮರದ ಮನೆಯವರೊಂದಿಗೆ ಒಪ್ಪಂದ ಆಯಿತು: ಕಸಿ ಗಿಡ ಮಾರಿದ ಹಣದಲ್ಲಿ ನೂರಕ್ಕೆ 75 ಪಾಲು ರೈತನಿಗೆ. ಅದೇ ತಾಲ್ಲೂಕಿನ ಚೌಡ್ಲಾಪುರದ 'ಶಂಕರ' ಹಲಸು ಅದೇ ದಾರಿ ಹಿಡಿಯಿತು. ಹಳ್ಳಿಯವನ ವಸ್ತುವನ್ನು ಹೊತ್ತುಕೊಂಡು ಹೋಗಿ ತನ್ನ ಹೆಸರು ಹಾಕಿಕೊಳ್ಳುವ ವಿಜ್ಞಾನವನ್ನು ನೋಡಿ ನೋಡಿ ಬೇಸತ್ತ ನಮಗೆ ಇದು ಸಣ್ಣ ಸಂಗತಿ ಅಲ್ಲ. ಕೊಡಬೇಕು ಅಂತ ಮನಸ್ಸಿದ್ದರೆ ಕೊಡಬಹುದು ಅನ್ನುವುದಕ್ಕೆ ಇದು ಸಾಕ್ಷಿ.

ಆದರೆ ಈ ಸಾಕ್ಷಿಯೇ ಒಂದು ಮಿತಿಯನ್ನೂ ತೋರಿಸುತ್ತದೆ. ಹಲಸಿನ ಮರ ಒಂದು ಜಾಗದಲ್ಲಿ ನಿಂತಿರುತ್ತದೆ. ಆ ಜಾಗಕ್ಕೆ ಸರ್ವೆ ನಂಬರು ಇರುತ್ತದೆ, ನಂಬರಿಗೆ ಪಹಣಿ, ಪಹಣಿಗೆ ಹೆಸರು. ಹಾಗಾಗಿ ವಿಜ್ಞಾನಕ್ಕೆ ಯಾರಿಗೆ ದುಡ್ಡು ಕೊಡಬೇಕು ಅಂತ ಗೊತ್ತಾಗುತ್ತದೆ. ಅಕ್ಕಡಿ ಸಾಲು ಯಾರ ಹೆಸರಿನಲ್ಲಿದೆ? ರಾಗಿ ಬಿತ್ತುವಾಗ ಕೂರಿಗೆಯ ಹಿಂದೆ ಸಡ್ಡೆ ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಸಾಸಿವೆ ಬಿಡುತ್ತಾ ನಡೆದ ಹೆಂಗಸು ತನ್ನ ಬೆರಳಿನ ಸಂದಿಯಲ್ಲಿ ಒಂದು ಶಾಸ್ತ್ರವನ್ನೇ ಹಿಡಿದಿದ್ದಳು. ಯಾವ ಕಾಳಿಗೆ ಎಷ್ಟು ಅಂತರ, ಮಳೆ ಹಿಂದಾದರೆ ಯಾವುದನ್ನು ಹೆಚ್ಚು ಬಿಡಬೇಕು, ಎಲ್ಲ ಅವಳಿಗೆ ಗೊತ್ತು. ಅವರೆ, ತೊಗರಿಯ ಬೇರು ಮಣ್ಣಿಗೆ ಸಾರಜನಕ ಕೊಡುತ್ತಿತ್ತು. ರಾಗಿ ಕೈಕೊಟ್ಟ ವರ್ಷ ಮಾಗಿಯ ಇಬ್ಬನಿಯಲ್ಲೇ ಅವರೆ ಕಾಯಿ ಕಚ್ಚುತ್ತಿತ್ತು. ರಾಗಿ ಕೊಯ್ದ ಮೇಲೂ ಹಟ್ಟಿಯವರಿಗೆ ಹಕ್ಕಲು ಆಯುವ ಹೊಲ ಉಳಿಯುತ್ತಿತ್ತು. ಇದನ್ನೇ ಇವತ್ತು ಪರಿಸರ ಕೃಷಿ ಎಂದು ವಿಶ್ವವಿದ್ಯಾನಿಲಯಗಳು ಕರೆಯುತ್ತಿವೆ. ಈ ಜ್ಞಾನ ನೂರಾರು ಊರುಗಳ ಸಾವಿರಾರು ಹೆಂಗಸರದು, ಅವರಲ್ಲಿ ಬಹಳ ಜನಕ್ಕೆ ಆ ಹೊಲದಲ್ಲಿ ಒಂದಡಿ ಜಾಗ ಇರಲಿಲ್ಲ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ತಳಿಯನ್ನು ನೋಂದಾಯಿಸುತ್ತದೆ. ತಳಿಗಳನ್ನು ಕೂಡಿಸಿ ಬಿತ್ತುವ ಬುದ್ಧಿಗೆ ಅದರಲ್ಲಿ ಅರ್ಜಿ ಇಲ್ಲ. ಹೊಲ ಅಡಿಕೆ ತೋಟ ಆದಾಗ ಒಡೆಯನಿಗೆ ನಾಲ್ಕು ಕಾಸು ಬಂತು, ಸಡ್ಡೆ ಅಟ್ಟಕ್ಕೆ ಹೋಯಿತು, ಹಕ್ಕಲೂ ಹೋಯಿತು. ಇದರ ನಷ್ಟವನ್ನು ಯಾವ ಪ್ರಬಂಧ ಅಳೆದಿದೆ?

ಜಾಲಗಳ ಮಾತು. ರೈತ ಸಂಘ 2000ದ ದಶಕದ ಮೊದಲಲ್ಲೇ ಶೂನ್ಯ ಬಂಡವಾಳ ಕೃಷಿಯನ್ನು ಕೈಗೆತ್ತಿಕೊಂಡಿತು. ಎಂ.ಡಿ. ನಂಜುಂಡಸ್ವಾಮಿಯವರ ಕನಸಿನ ಚಾಮರಾಜನಗರದ ಅಮೃತಭೂಮಿ ದಕ್ಷಿಣ ಏಷ್ಯಾದ ರೈತರಿಗೇ ಕಲಿಕೆಯ ತಾಣವಾಗಿದೆ. ಆಶ್ಲೇಷಾ ಖಡ್ಸೆ, ಪೀಟರ್ ರೊಸೆಟ್ ಮತ್ತು ಜೊತೆಯವರು ಕರ್ನಾಟಕದ ಈ ಚಳವಳಿಯ ಬಗ್ಗೆ ಬರೆದ ಪ್ರಬಂಧವನ್ನು ಲೋಕವೆಲ್ಲ ಓದಿತು. ಒಬ್ಬ ರೈತನಿಂದ ಇನ್ನೊಬ್ಬ ರೈತನಿಗೆ ವಿದ್ಯೆ ಹೇಗೆ ಹರಿಯುತ್ತದೆ ಅನ್ನುವುದು ಅದರ ತಿರುಳು. ನನ್ನ ತಕರಾರು ಆ ಹರಿವಿನ ಬಗ್ಗೆಯೇ. ರೈತನಿಂದ ರೈತನಿಗೆ ಅಂದರೆ ನಮ್ಮ ಊರುಗಳಲ್ಲಿ ಜಗಲಿಯಿಂದ ಜಗಲಿಗೆ. ನೀರು ಹರಿದಂತೆ ವಿದ್ಯೆಯೂ ಊರಿನ ಒಳಗೇ ಸುತ್ತಿ ನಿಲ್ಲುತ್ತದೆ, ಕೇರಿಯ ಕಡೆಗೆ ತೂಬು ಇಲ್ಲ. ರೈತ ಸಂಘ ಮತ್ತು ದಲಿತ ಸಂಘರ್ಷ ಸಮಿತಿ ಒಂದೇ ಊರಿನಲ್ಲಿದ್ದೂ ಕೂಲಿಯ ಪ್ರಶ್ನೆ ಎದ್ದಾಗ ಎದುರುಬದುರು ಕೂತದ್ದು ನಮ್ಮ ತಲೆಮಾರಿಗೆ ಮರೆತಿಲ್ಲ.

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಬೀದರಿನಿಂದ ಗಡಿ ದಾಟಿದರೆ ಜಹೀರಾಬಾದು, ತೆಲಂಗಾಣ. ಅಲ್ಲಿ 1980ರ ದಶಕದಿಂದ ದಲಿತ ಹೆಂಗಸರ ಸಂಘಗಳು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯೊಂದಿಗೆ ಕೆಲಸ ಮಾಡಿವೆ. ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಪಿ.ವಿ. ಸತೀಶ್. ಅವರು ಹಸುವಿನಿಂದ ಶುರು ಮಾಡಲಿಲ್ಲ. ಬೀಳು ಬಿದ್ದ ಜಮೀನಿನಿಂದ ಶುರು ಮಾಡಿದರು. ಭೂಮಿ ಇಲ್ಲದ ಹೆಂಗಸರು ಗುಂಪಾಗಿ ಗುತ್ತಿಗೆ ಹಿಡಿದರು, ಸಿರಿಧಾನ್ಯ ಬೆಳೆದರು, ಬೀಜದ ಕಣಜ ಮಾಡಿಕೊಂಡರು, ತಾವೇ ಬೆಳೆದ ಜೋಳವನ್ನು ತಮ್ಮ ಊರಿನ ಬಡವರಿಗೆ ರೇಷನ್ನಾಗಿ ಹಂಚಿದರು. ಮೊದಲು ನೆಲ, ಆಮೇಲೆ ಹೊಟ್ಟೆ, ಆಮೇಲೆ ಸಾವಯವ. ತುಮಕೂರಿನ ಮೇಳಗಳಲ್ಲಿ ಈ ಕ್ರಮ ತಿರುಗಾಮುರುಗಾ ಆಗಿದೆ.

ನೀತಿಯ ಕಾಗದಗಳನ್ನು ಓದುವಾಗ ನೆಲದ ಪ್ರಶ್ನೆ ಎಲ್ಲೆಲ್ಲೂ ಕಾಲಿಗೆ ಎಡವುತ್ತದೆ. 2015-16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ನೆಲದಲ್ಲಿ ಪರಿಶಿಷ್ಟ ಜಾತಿಯವರ ಕೈಯಲ್ಲಿರುವುದು ನೂರಕ್ಕೆ ಸುಮಾರು 9 ಪಾಲು. 2011ರ ಜನಗಣತಿಯಲ್ಲಿ ಅವರ ಜನಸಂಖ್ಯೆ ನೂರಕ್ಕೆ 16ಕ್ಕೂ ಮೇಲೆ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ಗೇಣಿಯನ್ನು ನಿಷೇಧಿಸಿತು, ಒಳ್ಳೆಯದು. ಆದರೆ ವಾರಕ್ಕೆ ಮಾಡುವುದು ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು ಅಷ್ಟೆ. ವಾರಕ್ಕೆ ಮಾಡುವವನಿಗೆ ಪಹಣಿಯಲ್ಲಿ ಹೆಸರಿಲ್ಲ. ಆದ್ದರಿಂದ ಫ್ರೂಟ್ಸ್ ನಂಬರು ಇಲ್ಲ, ಸಾವಯವ ಪ್ರಮಾಣಪತ್ರ ಇಲ್ಲ, ಬೆಂಬಲ ಬೆಲೆಯೂ ಇಲ್ಲ. 2025-26ಕ್ಕೆ ರಾಗಿಗೆ ಕೇಂದ್ರ ಸಾರಿದ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಬೆಳೆದವನು ಆ ರಾಗಿಯನ್ನು ಒಡೆಯನ ಹೆಸರಿನಲ್ಲಿ ತೂಗಿಸಬೇಕು, ಇಲ್ಲವೇ ಕಣದಲ್ಲೇ ದಲ್ಲಾಳಿಗೆ ಬಿಡಬೇಕು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯ ಎದುರು ರಾಗಿ ಗೆದ್ದಿತು, ಸರಿ. ರಾಗಿ ಬೆಳೆದವನು ಯಾವ ಸಭೆಯಲ್ಲಿ ಗೆದ್ದ?

ಗೋಮಾಳದಲ್ಲಿ ಬಗರ್ ಹುಕುಂ ಮಾಡಿಕೊಂಡವರು ಫಾರಂ 50, 53, 57 ಎಂದು ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದವರು. ಮಂಜೂರಾದ ಜಮೀನು ಕೈಬಿಡದಿರಲೆಂದು ದೇವರಾಜ ಅರಸರ ಕಾಲದಲ್ಲಿ 1978ರ ಪರಭಾರೆ ನಿಷೇಧ ಕಾಯಿದೆ ಬಂತು. ತಡವಾಗಿ ಬಂದ ಅರ್ಜಿ ನಡೆಯದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ತಿದ್ದುಪಡಿ ತಂದು ಆ ಗಡುವನ್ನು ತೆಗೆಸಲು ಮತ್ತೆ ಬೀದಿಗೆ ಇಳಿಯಬೇಕಾಯಿತು. ಈ ನಡುವೆ 2020ರ ತಿದ್ದುಪಡಿ, ರೈತನಲ್ಲದವನೂ ಜಮೀನು ಕೊಳ್ಳಬಹುದು ಎಂದು ಬಾಗಿಲು ತೆರೆಯಿತು. ಕುಣಿಗಲ್ ಹೆದ್ದಾರಿಯ ಎರಡೂ ಮಗ್ಗುಲು ನೋಡಿ. ಬೆಂಗಳೂರಿನವರು ಭಾನುವಾರ ಬಂದು ಸಾವಯವ ಟೊಮೇಟೊ ಕೀಳುತ್ತಾರೆ, ಸೋಮವಾರದಿಂದ ಶನಿವಾರದವರೆಗೆ ನೀರು ಹಾಯಿಸುವವನು ಆ ಜಮೀನಿನ ಹಳೆಯ ಒಡೆಯನೇ ಆಗಿದ್ದರೂ ಆಶ್ಚರ್ಯವಿಲ್ಲ.

ಸರ್ಕಾರ ಕೈಕಟ್ಟಿ ಕೂತಿದೆ ಅಂತಲೂ ಅಲ್ಲ. ಭೂರಹಿತ ಹೆಂಗಸರಿಗೆ ಜಮೀನು ಕೊಡಿಸುವ ಭೂ ಒಡೆತನ ಯೋಜನೆ ಇದೆ, ಗಂಗಾ ಕಲ್ಯಾಣ ಇದೆ. ಒಂದು ಇಲಾಖೆ ಎರಡು ಎಕರೆ ಖುಷ್ಕಿ ಕೊಡಿಸುತ್ತದೆ, ಇನ್ನೊಂದು ಬೋರು ಕೊರೆಸುತ್ತದೆ, ಮೂರನೆಯದು ಜೀವಾಮೃತದ ತರಬೇತಿ ಮಾಡುತ್ತದೆ. ಮೂರೂ ಒಂದು ಹೊಲದಲ್ಲಿ ಸೇರುವುದಿಲ್ಲ. ಬೋರು ಬತ್ತಿದ ಮೇಲೆ ಸಾಲ ಉಳಿಯುತ್ತದೆ. ಬೋರಿಗೆ ಕೊಡುವ ದುಡ್ಡಿನಲ್ಲಿ ಅರ್ಧವನ್ನು ಬದುವಿಗೆ, ಕೆರೆಗೋಡಿಗೆ, ಮೂರು ವರ್ಷದ ಕೂಲಿಗೆ ಕೊಡಿ. ಮಣ್ಣು ವಿಷ ಬಿಟ್ಟು ಚೇತರಿಸಿಕೊಳ್ಳುವ ತನಕ ಇಳುವರಿ ಕಮ್ಮಿ ಬರುವ ಆ ಮೂರು ವರ್ಷ ಉಪವಾಸ ಇರುವ ತಾಕತ್ತು ಸಾಹುಕಾರನಿಗೆ ಇದೆ, ಎರಡು ಎಕರೆಯವಳಿಗೆ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ಗಂಟು ಇದೇ.

ನೀರಿನ ವಿಷಯ ಒಂದು ಬಾಕಿ ಇದೆ. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ಎಲ್ಲರ ಬಾಯಲ್ಲಿದೆ, ಕೆರೆಯ ನೀರನ್ನು ಗದ್ದೆಗದ್ದೆಗೆ ಅಳೆದು ಬಿಟ್ಟ ನೀರುಗಂಟಿ ಯಾವ ಹಾಡಿನಲ್ಲೂ ಇಲ್ಲ. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ನೀರುಗಂಟಿ, ತೋಟಿ ಹೊಲೆಯ-ಮಾದಿಗರ ಕೆಲಸ. ಬರದಲ್ಲಿ ಯಾರ ಗದ್ದೆಗೆ ಎಷ್ಟು ನೀರು ಅನ್ನುವ ನ್ಯಾಯ ಅವನ ತಲೆಯಲ್ಲಿ ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆ ಚಾಕರಿಯನ್ನು ತೆಗೆದದ್ದು ಸರಿಯೇ, ಬಿಟ್ಟಿ ಚಾಕರಿ ಯಾರಿಗೂ ಬೇಡ. ಜೊತೆಗೆ ಅವನ ತಲೆಯಲ್ಲಿದ್ದದ್ದನ್ನು ಬರೆದಿಟ್ಟುಕೊಳ್ಳುವ ವ್ಯವಧಾನ ಯಾರಿಗೂ ಇರಲಿಲ್ಲ. 2025ರಲ್ಲಿ ಹೇಮಾವತಿ ಲಿಂಕ್ ಕಾಲುವೆಗಾಗಿ ಗುಬ್ಬಿಯವರೂ ಕುಣಿಗಲ್ಲಿನವರೂ ಎದುರಾದಾಗ ತೆಂಗು, ಅಡಿಕೆ, ಕುಡಿಯುವ ನೀರು ಎಂಬ ಮಾತುಗಳು ಕೇಳಿದವು. ಖುಷ್ಕಿ ರಾಗಿ ಹೊಲದ ಮಾತು ನನ್ನ ಕಿವಿಗಂತೂ ಬೀಳಲಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇನೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರ ಜ್ಞಾನದ ದಾಖಲೆ ಬರೆಯಬೇಕು. ನಾಮಕರಣಗೊಂಡ ಸದಸ್ಯರಲ್ಲಿ ಮೂರನೇ ಒಂದು ಪಾಲು ಹೆಂಗಸರು, ನೂರಕ್ಕೆ 18ಕ್ಕೆ ಕಮ್ಮಿ ಇಲ್ಲದಷ್ಟು ಪರಿಶಿಷ್ಟರು ಎಂದು 2004ರ ನಿಯಮಗಳು ಹೇಳಿದ್ದವು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ಕೊಡಿ ಅಂತ ಕೇಳಿ. ಮೊದಲು ಪುಸ್ತಕ ಇದೆಯೋ ಇಲ್ಲವೋ ನೋಡಿ. ಇದ್ದರೆ ಅದರಲ್ಲಿ ಮಾತಾಡಿದವರ ಹೆಸರಿನ ಕಾಲಂ ತೆಗೆದು, ಹಟ್ಟಿಯಿಂದ ಎಷ್ಟು ಹೆಸರಿವೆ ಎಣಿಸಿ. ಸಡ್ಡೆ ಹಿಡಿದು ಗೊತ್ತಿರುವ ಅಜ್ಜಿಯರು ಇನ್ನೂ ಕೆಲವರು ಇದ್ದಾರೆ. ಬಿತ್ತನೆ ಶುರುವಾಗುವುದರೊಳಗೆ ಎಣಿಸಿ ಈ ಪತ್ರಿಕೆಗೆ ಬರೆದು ಕಳಿಸಿ.