ನಂದಿನಿ ಎಂಬ ಹೆಸರು ಯಾರದು?

ಬೆಂಗಳೂರಿನಲ್ಲಿ ಬೆಳಗ್ಗೆ ‘ನಂದಿನಿ’ ಎಂದರೆ ಹಾಲಿನ ಪ್ಯಾಕೆಟ್ಟು. ಮಧ್ಯಾಹ್ನ ‘ನಂದಿನಿಗೆ ಹೋಗೋಣ’ ಎಂದರೆ ಬಾಳೆಲೆಯ ಮೇಲೆ ಆಂಧ್ರ ಊಟ. ಎರಡೂ ಒಂದೇ ಊರಿನಲ್ಲಿ ಮೂವತ್ತು ವರ್ಷಕ್ಕೂ ಮೀರಿ ಜೊತೆಯಾಗಿ ಬಾಳಿವೆ. ಹೆಸರಿನ ಹಕ್ಕಿಗಾಗಿ ಇವುಗಳ ನಡುವೆ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿ, 2018ರ ಜುಲೈ 26ರಂದು ಇತ್ಯರ್ಥವಾಯಿತು. ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ನ್ಯಾಯಮೂರ್ತಿ ಅಶೋಕ್ ಭೂಷಣ್ ಅವರ ಪೀಠ ಹೋಟೆಲಿನ ಪರ ತೀರ್ಪು ಕೊಟ್ಟಿತು. ಟ್ರೇಡ್‌ಮಾರ್ಕ್ ನೋಂದಣಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿಯಬೇಕಾದ ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ತೀರ್ಪಿನ ಫಲಿತಾಂಶ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅಲ್ಲಿಗೆ ತಲುಪುವ ದಾರಿಯಲ್ಲಿ ನ್ಯಾಯಾಲಯ ಕಿವಿಗೆ ಕೊಡಬೇಕಾದ ಬೆಲೆಯನ್ನು ಕೊಡಲಿಲ್ಲ.

ಕರ್ನಾಟಕ ಹಾಲು ಮಹಾಮಂಡಳ ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿದೆ. ಹಸುವಿನ ಚಿತ್ರವಿರುವ ಅದರ ಗುರುತು 29 ಮತ್ತು 30ನೇ ವರ್ಗಗಳಲ್ಲಿ ನೋಂದಣಿಯಾಗಿತ್ತು. ನಂದಿನಿ ಡೀಲಕ್ಸ್ ಹೋಟೆಲು ಶುರುವಾದದ್ದು 1989ರಲ್ಲಿ. ಅದರ ಗುರುತಿನಲ್ಲಿ ದೀಪವಿದೆ, ಇಂಗ್ಲಿಷಿನ ಅಕ್ಷರಗಳಲ್ಲಿ ಒಂದು ‘ಎಚ್’ ಹೆಚ್ಚಿಗೆ ಇದೆ. ಮಾಂಸ, ಮೀನು, ಮಸಾಲೆ, ಕಾಫಿ, ಬ್ರೆಡ್ಡು ಮುಂತಾದ ಆಹಾರ ಪದಾರ್ಥಗಳಿಗೆ ಈ ಗುರುತನ್ನು ನೋಂದಾಯಿಸಲು ಹೋಟೆಲು ಅರ್ಜಿ ಹಾಕಿದಾಗ ಮಹಾಮಂಡಳ ತಕರಾರು ತೆಗೆಯಿತು. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಲ್ಲಿ ಹೋಟೆಲು ಗೆದ್ದಿತು, ಮೇಲ್ಮನವಿ ಮಂಡಳಿಯಲ್ಲಿ ಸೋತಿತು, 2014ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲೂ ಸೋತಿತು. ಕೊನೆಗೆ ದೆಹಲಿಯಲ್ಲಿ ಗೆದ್ದಿತು. ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಮಾತ್ರ ಈ ಹೆಸರು ಹೋಟೆಲಿಗೆ ಸಿಗಲಿಲ್ಲ. ಅದರ ಮೇಲಿನ ಹಕ್ಕನ್ನು ಹೋಟೆಲಿನವರೇ ಬಿಟ್ಟುಕೊಟ್ಟಿದ್ದರು.

ಮಹಾಮಂಡಳದ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಹೆಸರು ಮೊದಲು ಬಳಸಿದ್ದು ನಾವು, ನೋಂದಾಯಿಸಿದ್ದೂ ನಾವು, ವರ್ಗವೂ ಅದೇ, ಮತ್ತೊಬ್ಬರಿಗೆ ಕೊಡುವುದು ಹೇಗೆ? ಇಲ್ಲಿ ‘ವರ್ಗ’ವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸರಕು ಮತ್ತು ಸೇವೆಗಳನ್ನು ಒಟ್ಟು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಮೊದಲ 34 ಸರಕುಗಳಿಗೆ, ಉಳಿದ 11 ಸೇವೆಗಳಿಗೆ. ಹಾಲೂ ಮಾಂಸವೂ ಖಾದ್ಯತೈಲವೂ ಒಂದೇ 29ನೇ ವರ್ಗದಲ್ಲಿವೆ. ಕಾಫಿ, ಅಕ್ಕಿ, ಮಸಾಲೆ, ಐಸ್‌ಕ್ರೀಂ 30ರಲ್ಲಿವೆ. ಇದು ಕಚೇರಿಯ ಅನುಕೂಲಕ್ಕೆ ಮಾಡಿಕೊಂಡ ಪಟ್ಟಿ. ಹಾಲಿಗೆ ನೋಂದಣಿ ಪಡೆದವರು ಅದೇ ವರ್ಗದಲ್ಲಿದೆ ಎಂಬ ಕಾರಣಕ್ಕೆ ಕೋಳಿಮಾಂಸದ ಮೇಲೂ ಬೇಲಿ ಹಾಕುವಂತಿಲ್ಲ. 1996ರಲ್ಲಿ ವಜೀರ್ ಸುಲ್ತಾನ್ ತಂಬಾಕು ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ಮಾತನ್ನು ಸ್ಪಷ್ಟಪಡಿಸಿತ್ತು. ನಂದಿನಿ ತೀರ್ಪು ಅದನ್ನೇ ಹಿಡಿದು ಮುಂದೆ ಸಾಗಿದೆ. ಈ ಭಾಗದಲ್ಲಿ ಅದರ ತರ್ಕಕ್ಕೆ ಎದುರಾಡಲು ಏನೂ ಇಲ್ಲ.

ತೀರ್ಪಿನ ನಿಜವಾದ ಸತ್ವ ಇರುವುದು ಹೆಸರಿನ ಬಗ್ಗೆ ಅದು ಆಡಿದ ಮಾತಿನಲ್ಲಿ. ನಂದಿನಿ ಕಾಮಧೇನುವಿನ ಮಗಳು, ವಸಿಷ್ಠರ ಆಶ್ರಮದ ಹಸು. ನಮ್ಮ ಊರುಗಳಲ್ಲಿ ಸಾವಿರಾರು ಹೆಣ್ಣುಮಕ್ಕಳ ಹೆಸರು. ಇದು ಮಹಾಮಂಡಳ ಹುಟ್ಟಿಸಿದ ಪದವಲ್ಲ, ದೇವತೆಯ ಹೆಸರೂ ಹಸುವಿನ ಹೆಸರೂ ಆಗಿ ಜನರ ನಡುವೆ ಮೊದಲಿನಿಂದಲೂ ಇದ್ದದ್ದು ಎಂದು ಪೀಠ ಹೇಳಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮ ಪೇಟೆ ಬೀದಿಗಳನ್ನು ನೋಡಿ: ಮಂಜುನಾಥ, ಬನಶಂಕರಿ, ಅನ್ನಪೂರ್ಣ, ಕಾವೇರಿ. ಮನೆದೇವರ ಹೆಸರನ್ನೋ ಊರ ಹೊಳೆಯ ಹೆಸರನ್ನೋ ಅಂಗಡಿಗೆ ಇಡುವುದು ನಮ್ಮಲ್ಲಿ ಭಕ್ತಿಯೂ ಹೌದು, ವಾಡಿಕೆಯೂ ಹೌದು. ಮೊದಲು ನೋಂದಾಯಿಸಿದ ದೊಡ್ಡ ಸಂಸ್ಥೆಯೊಂದು ಅಂಥ ಹೆಸರನ್ನು ಎಲ್ಲ ಸರಕಿಗೂ ತನ್ನದಾಗಿಸಿಕೊಳ್ಳಬಹುದು ಎಂದಾಗಿದ್ದರೆ ಸಣ್ಣ ವ್ಯಾಪಾರಿಗಳು ತಮ್ಮದೇ ಸಂಸ್ಕೃತಿಯ ಹೆಸರುಗಳಿಗೆ ಹೊರಗಿನವರಾಗುತ್ತಿದ್ದರು. ಆ ಬಾಗಿಲನ್ನು ತೀರ್ಪು ಮುಚ್ಚಿತು.

ಹೋಟೆಲು ಶುರುವಾದಾಗ ಹಾಲಿನ ಹೆಸರಿಗೆ ಕೇವಲ ನಾಲ್ಕೈದು ವರ್ಷ ವಯಸ್ಸಾಗಿತ್ತು ಎಂಬುದನ್ನೂ ಪೀಠ ಗಮನಿಸಿತು. ಇದು ನ್ಯಾಯವಾದ ಗಮನ. ಇಂದು ನಂದಿನಿಗೆ ಇರುವ ಕೀರ್ತಿಯನ್ನು ಹಿಂದಕ್ಕೆ ಒಯ್ದು 1989ರ ಹೋಟೆಲಿನ ಮೇಲೆ ಹೇರುವುದು ಸರಿಯಾಗುತ್ತಿರಲಿಲ್ಲ.

ಇಷ್ಟು ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ಎರಡೂ ಹೆಸರು ಉಚ್ಚಾರದಲ್ಲಿ ಒಂದೇ ಥರ ಇವೆ ಎಂದು ಪೀಠ ಒಪ್ಪಿಕೊಂಡಿತು. ಆದರೆ ದೀಪವೇ ಬೇರೆ, ಹಸುವೇ ಬೇರೆ, ಬರೆದ ರೀತಿಯೇ ಬೇರೆ, ಆದ್ದರಿಂದ ಗ್ರಾಹಕರಿಗೆ ಗೊಂದಲವಾಗದು ಎಂದಿತು. ಇಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ಕನ್ನಡದಲ್ಲಿ ಬೋರ್ಡು ಬರೆಸಿದರೆ ಆ ಹೆಚ್ಚುವರಿ ‘ಎಚ್’ ಎಲ್ಲಿ ಉಳಿಯುತ್ತದೆ? ಎರಡೂ ‘ನಂದಿನಿ’ಯೇ. ಬೀದಿ ಬದಿಯ ಅಂಗಡಿಯಲ್ಲಿ ನಾವು ಗುರುತನ್ನು ನೋಡಿ ಸರಕು ಆರಿಸುವುದು ಕಡಿಮೆ. ‘ಒಂದು ನಂದಿನಿ ಕೊಡಿ’ ಎಂದು ಬಾಯಲ್ಲಿ ಕೇಳಿ ಕೊಳ್ಳುತ್ತೇವೆ. 2001ರಲ್ಲಿ ಕ್ಯಾಡಿಲಾ ಔಷಧ ಕಂಪನಿಗಳ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟು ಭಾರತದ ಗ್ರಾಹಕನ ಈ ಸ್ಥಿತಿಯನ್ನು ಬಹಳ ಕಾಳಜಿಯಿಂದ ಗುರುತಿಸಿತ್ತು. ಇಂಗ್ಲಿಷ್ ಬಾರದವನಿಗೆ ಕಾಗುಣಿತದ ಸಣ್ಣ ವ್ಯತ್ಯಾಸ ಕಾಣದು, ಅವನ ಕಿವಿಗೆ ಎರಡೂ ಒಂದೇ ಎಂಬ ಎಚ್ಚರ ಆ ತೀರ್ಪಿನಲ್ಲಿದೆ. ನಂದಿನಿ ತೀರ್ಪಿನಲ್ಲಿ ಆ ಎಚ್ಚರ ಸಾಲದು.

ಹಾಗಾದರೆ ಹೋಟೆಲಿಗೆ ಹೆಸರು ನಿರಾಕರಿಸಬೇಕಿತ್ತೆ? ಖಂಡಿತ ಬೇಡ. ಇನ್ನೊಂದು ದಾರಿಯಿತ್ತು. 1960ರ ದಶಕದ ಆರಂಭದ ‘ಅಮೃತಧಾರಾ’ ಪ್ರಕರಣವನ್ನು ನೆನೆಯಿರಿ. ‘ಅಮೃತಧಾರಾ’ ಔಷಧದವರು ‘ಲಕ್ಷ್ಮಣಧಾರಾ’ದ ನೋಂದಣಿಗೆ ಅಡ್ಡಬಂದಿದ್ದರು. ಅರೆಬರೆ ನೆನಪಿನಲ್ಲಿ ಕೊಳ್ಳುವ ಸಾಮಾನ್ಯ ಗ್ರಾಹಕನಿಗೆ ಎರಡರ ನಡುವೆ ಗೊಂದಲವಾಗುತ್ತದೆ ಎಂದು ಸುಪ್ರೀಂ ಕೋರ್ಟು ನೇರವಾಗಿ ಒಪ್ಪಿಕೊಂಡಿತು. ಹಾಗಿದ್ದೂ ಲಕ್ಷ್ಮಣಧಾರಾ ಪ್ರಾಮಾಣಿಕವಾಗಿ ಬಹುಕಾಲ ನಡೆದುಬಂದಿದೆ, ಎದುರಾಳಿ ಅದನ್ನು ಕಂಡೂ ಸುಮ್ಮನಿದ್ದ ಎಂಬ ಕಾರಣಕ್ಕೆ ಉತ್ತರ ಪ್ರದೇಶಕ್ಕೆ ಸೀಮಿತವಾಗಿ ನೋಂದಣಿಗೆ ಅವಕಾಶ ಕೊಟ್ಟಿತು. ಗೊಂದಲವಿದೆ ಎಂದು ಒಪ್ಪಿ, ಅದಕ್ಕೆ ಮಿತಿ ಹಾಕುವ ಈ ಕ್ರಮವೇ ಹೆಚ್ಚು ನೇರವಾದದ್ದು. ನಂದಿನಿಯಲ್ಲೂ ‘ಡೀಲಕ್ಸ್’ ಪದ ಮತ್ತು ದೀಪ ಇಲ್ಲದೆ ಪ್ಯಾಕೆಟ್ಟಿನ ಸರಕಿಗೆ ಹೆಸರು ಬಳಸಕೂಡದು ಎಂಬಂಥ ಷರತ್ತು ಹಾಕಬಹುದಿತ್ತು. ಹಾಲಿನ ಉತ್ಪನ್ನ ಎಲ್ಲಿ ಮುಗಿಯುತ್ತದೆ ಎಂಬುದೂ ಅಷ್ಟು ಸರಳವಲ್ಲ. ತುಪ್ಪ, ಪೇಡಾ ಸರಿ. ತುಪ್ಪದಲ್ಲೇ ಮಾಡಿದ ಮೈಸೂರು ಪಾಕು? ಮಹಾಮಂಡಳ ಅದನ್ನೂ ಮಾರುತ್ತದೆ. ಇಂಥ ಗಡಿಯ ಜಗಳಗಳನ್ನು ತೀರ್ಪು ಮುಂದಿನವರಿಗೆ ಬಿಟ್ಟಿತು.

ಈ ವ್ಯಾಜ್ಯಗಳ ಇನ್ನೊಂದು ಮುಖ ಕಾಲ. ಮಹಾಮಂಡಳದ ಮನವಿ ಕೇಳಿದ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಯೇ 2021ರಲ್ಲಿ ರದ್ದಾಯಿತು. ಅಲ್ಲಿದ್ದ ಪ್ರಕರಣಗಳು ಹೈಕೋರ್ಟುಗಳಿಗೆ ಹೋದವು. ಕೆಎಸ್‌ಆರ್‌ಟಿಸಿ ಎಂಬ ಅಕ್ಷರಗಳಿಗಾಗಿ ಕರ್ನಾಟಕದ ರಸ್ತೆ ಸಾರಿಗೆ ನಿಗಮದ ವಿರುದ್ಧ ಕೇರಳದ ರಸ್ತೆ ಸಾರಿಗೆ ನಿಗಮ ಹೂಡಿದ್ದ ತಕರಾರೂ ಹಾಗೆಯೇ ಮದ್ರಾಸ್ ಹೈಕೋರ್ಟಿಗೆ ಬಂತು. 2023ರ ಡಿಸೆಂಬರಿನಲ್ಲಿ ಅದು ವಜಾ ಆಗಿ ಕರ್ನಾಟಕದ ನೋಂದಣಿ ಉಳಿಯಿತು. ಕೇರಳದ ನಿಗಮ 1965ರದು, ನಮ್ಮದು ಈ ಹೆಸರು ಪಡೆದದ್ದು 1973ರಲ್ಲಿ. ಎರಡು ಸರ್ಕಾರಿ ನಿಗಮಗಳು ಇಷ್ಟು ವರ್ಷ ಕಳೆದ ಮೇಲೆ ನ್ಯಾಯಾಲಯಕ್ಕೆ ಬರಬೇಕಾಯಿತು. ಸರ್ಕಾರದ ಹಣ ಬೆನ್ನಿಗಿಲ್ಲದ ಹಪ್ಪಳದ ಉದ್ಯಮದವರು, ಊದಿನಕಡ್ಡಿ ಮಾಡುವವರು ಅಷ್ಟು ಕಾಲ ಕಾಯಲಾರರು. ಆದ್ದರಿಂದ ಅವರಿಗೆ ಮುನ್ನೆಚ್ಚರಿಕೆಯೇ ದೊಡ್ಡ ರಕ್ಷಣೆ.

ನಮ್ಮಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ ಒಂದಿದೆ. ಕಂಪನಿ ನೋಂದಣಿಯಾಯಿತು, ಜಿಎಸ್‌ಟಿ ಸಂಖ್ಯೆ ಬಂತು, ಇನ್ನು ಹೆಸರು ನಮ್ಮದು ಎಂದು ಬಹಳ ಜನ ನಂಬಿದ್ದಾರೆ. ಇವು ಯಾವುವೂ ಟ್ರೇಡ್‌ಮಾರ್ಕಿನ ಹಕ್ಕು ಕೊಡುವುದಿಲ್ಲ. 1999ರ ಕಾಯ್ದೆಯಡಿ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಕರ್ನಾಟಕದವರಿಗೆ ಚೆನ್ನೈ ಕಚೇರಿ. ಆನ್‌ಲೈನಿನಲ್ಲಿ ವ್ಯಕ್ತಿಗಳಿಗೆ, ಸ್ಟಾರ್ಟಪ್ಪುಗಳಿಗೆ, ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಪರೀಕ್ಷಕರು ಆಕ್ಷೇಪ ಎತ್ತಿದರೆ ಒಂದು ತಿಂಗಳೊಳಗೆ ಉತ್ತರಿಸಬೇಕು. ಆ ಉತ್ತರ ತಪ್ಪಿದರೆ ಅರ್ಜಿಯೇ ಬಿದ್ದುಹೋಗುತ್ತದೆ. ಜರ್ನಲಿನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಿಸುತ್ತ ಹೋಗಬಹುದು.

ಬಣ್ಣಬಣ್ಣದ ಲೇಬಲನ್ನು ಮಾತ್ರ ನೋಂದಾಯಿಸುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಲೇಬಲ್ ಪೂರ್ತಿಯಾಗಿ ನಿಮ್ಮದಾಗುತ್ತದೆ, ಅದರೊಳಗಿನ ಪದ ಬಿಡಿಯಾಗಿ ನಿಮ್ಮದಾಗದು. ಪದವನ್ನೇ ಬೇರೆಯಾಗಿ ನೋಂದಾಯಿಸಬೇಕು, ಸಾಧ್ಯವಾದರೆ ಕನ್ನಡ ಲಿಪಿಯಲ್ಲೂ. ನೋಂದಣಿ ಇಲ್ಲದಿದ್ದರೂ ಮೊದಲು ಬಳಸಿದವನಿಗೆ ಕಾಯ್ದೆಯ 34ನೇ ಕಲಂ ರಕ್ಷಣೆ ಕೊಡುತ್ತದೆ, ಆದರೆ ಬಳಸಿದ್ದನ್ನು ಸಾಬೀತುಪಡಿಸುವ ಹೊಣೆ ಅವನದೇ. ನಂದಿನಿ ಹೋಟೆಲು ಗೆಲ್ಲಲು 1989ರಿಂದ ನಿರಂತರವಾಗಿ ನಡೆದುಬಂದದ್ದು ದೊಡ್ಡ ಬಲವಾಯಿತು. ಇನ್ನೊಬ್ಬರು ನಿಮ್ಮ ಹೆಸರನ್ನು ನೋಂದಾಯಿಸಿಕೊಂಡು ಬಳಸುತ್ತಿರುವುದು ಗೊತ್ತಾಗಿಯೂ ಐದು ವರ್ಷ ಸುಮ್ಮನಿದ್ದರೆ, ಆಮೇಲೆ ಅವರನ್ನು ತಡೆಯುವುದು ಬಹಳ ಕಷ್ಟ.

ದೇವರ ಹೆಸರು, ಊರ ಹೆಸರು ಇಟ್ಟವರು ಆ ಹೆಸರಿನ ಸುತ್ತ ಎತ್ತರದ ಗೋಡೆ ಕಟ್ಟಲು ಆಗದು ಎಂದು ತಿಳಿದೇ ಇಡಬೇಕು. ಗಟ್ಟಿ ರಕ್ಷಣೆ ಬೇಕಾದರೆ ಹೊಸ ಪದ ಕಟ್ಟಿ. ಬೋರ್ಡು ಬರೆಸುವ ಮೊದಲು, ಪ್ಯಾಕೆಟ್ಟು ಅಚ್ಚು ಹಾಕಿಸುವ ಮೊದಲು ರಿಜಿಸ್ಟ್ರಿಯ ಜಾಲತಾಣದಲ್ಲಿ ಹೆಸರನ್ನು ಹುಡುಕಿ ನೋಡಿ. ಅದು ಉಚಿತ, ಉಚ್ಚಾರದ ಹೋಲಿಕೆಯನ್ನು ಹುಡುಕುವ ಆಯ್ಕೆಯೂ ಅಲ್ಲಿದೆ. ಮೊದಲ ದಿನದ ಬಿಲ್ಲು, ಮೊದಲ ಜಾಹೀರಾತು, ಮೊದಲ ಪ್ಯಾಕೆಟ್ಟಿನ ಮಾದರಿಯನ್ನು ತಾರೀಖಿನ ಸಮೇತ ಎತ್ತಿಡಿ.